ಬಾವಿಯಲ್ಲಿ ತೊಂಬತ್ತೆರಡು

3 ಮಾರ್ಚ್ 1986, ಸೋಮವಾರ

ಬೆಳಿಗ್ಗೆ ಹತ್ತರ ಸ್ಯಾಂಪಲ್. ಟೆಸ್ಟ್ ಟ್ಯೂಬಿನಲ್ಲಿ ತಿಳಿ ಹಳದಿ ಬರಬೇಕು, ಕಡು ಕಿತ್ತಳೆ ಬಂತು. ಕ್ಲೋರಿನ್ ವಿಪರೀತ. ಜನವರಿಯಲ್ಲಿ ವಾಂತಿಭೇದಿ ಎದ್ದಾಗ ಮೇಲಿಂದ ಬಂದ ಆರ್ಡರ್: ಊರಿನ ಕೊಳಚೆ ಶುದ್ಧ ಮಾಡೋ ನಮ್ಮ ಪ್ಲಾಂಟಿನಿಂದ ಕಾಲುವೆಗೆ ಬಿಡೋ ನೀರಿಗೆ ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಹಾಕಿ. ಕಾಯಿಲೆ ನಿಂತು ತಿಂಗಳಾಯ್ತು. ಆರ್ಡರ್ ನಿಂತಿಲ್ಲ.

ಕೆಂಗೇರಿಯಲ್ಲಿ ಐದೂವರೆ ಬಸ್. ಬಸವೇಶ್ವರನಗರ ತಲುಪಿದಾಗ ಏಳು. ಅಂಬುಜಾ ಮದುವೆಯಾಗಿ ಹುಬ್ಬಳ್ಳಿಗೆ ಹೋಗಿ ನಾಲ್ಕು ತಿಂಗಳು. ತಂಗಿ ಇದ್ದಾಗ ಈ ಎರಡು ರೂಮಿನ ಪೋರ್ಷನ್ ಇಕ್ಕಟ್ಟು ಅಂತ ಗೊಣಗ್ತಿದ್ದೆ... ಇವತ್ತು ಬಸ್ ಇಳಿದ ಮೇಲೆ ಆಡಿದ್ದು ಒಂದೇ ಮಾತು. ಅಂಗಡಿಯಲ್ಲಿ. "ಅರ್ಧ ಲೀಟರ್ ಹಾಲು."

12 ಮಾರ್ಚ್, ಬುಧವಾರ

ಗೇಟ್ ಹತ್ತಿರ ಒಬ್ಬ ಹೆಂಗಸು, ಕಂಕುಳಲ್ಲಿ ಬಿಂದಿಗೆ. ವಾಚ್‌ಮನ್ ಒಳಗೆ ಬಿಡ್ತಿಲ್ಲ. ನಾನೇ ಹೋಗಿ ಲ್ಯಾಬಿಗೆ ಕರ್ಕೊಂಡು ಬಂದೆ. ಮುನಿತಾಯಮ್ಮ ಅಂತೆ. ನಮ್ಮ ಕಾಲುವೆ ನೀರಲ್ಲೇ ಸೊಪ್ಪು ಬೆಳೀತಾರೆ. ಕಾಲುವೆ ಪಕ್ಕದಲ್ಲೇ ಬಾವಿ.

"ಬಾವಿ ನೀರು ಆಸ್ಪತ್ರೆ ವಾಸ್ನೆ ಬತ್ತದೆ ಕಣವ್ವ. ನೀನೇ ಮೂಸಿ ನೋಡು."

ಮೂಸಿದೆ. ಹೌದು. ಡೆಟಾಲ್ ಥರ.

"ಇದನ್ನ ಕುಡೀತೀರಾ?"

"ಇನ್ನೇನ್ ಕುಡೀಲಿ? ಮನೆಯೋರೆಲ್ಲಾ ಇದೇಯ."

ಟೆಸ್ಟ್ ಮಾಡ್ತೀನಿ ಅಂದೆ. ಮಡಿಲಿಂದ ಒಂದು ಕಟ್ಟು ದಂಟಿನ ಸೊಪ್ಪು ತೆಗೆದು ಟೇಬಲ್ ಮೇಲಿಟ್ಟು ಹೋದರು. ಬೇಡ ಅನ್ನೋಕಾಗಲಿಲ್ಲ. ಮನೆಗೆ ತಂದೆ. ಹುಳಿ ಮಾಡಿದೆ. ತಿನ್ನೋ ಮೊದಲು ತುಂಬಾ ಹೊತ್ತು ನೋಡ್ತಾ ಕೂತಿದ್ದೆ — ಆಮೇಲೆ ತಿಂದೆ.

15 ಮಾರ್ಚ್, ಶನಿವಾರ

ಲೈಬ್ರರಿಯಲ್ಲಿ ಹಳೇ ಜರ್ನಲ್ ಹುಡುಕಿದೆ. ಅನುಮಾನ ಸರಿ. ಕ್ಲೋರಿನ್ ಕ್ರಿಮಿ ಕೊಂದು ಸುಮ್ಮನಿರಲ್ಲ. ನೀರಲ್ಲಿ ಉಳಿದ ಕೊಳೆ ಜೊತೆ ಸೇರಿ ಬೇರೆ ಬೇರೆ ವಸ್ತು ಆಗುತ್ತೆ. ಔಷಧಿ ವಾಸನೆ ಬರೋದು ಒಂದು. ವಾಸನೆಯೇ ಗೊತ್ತಾಗದ್ದು ಕ್ಲೋರೋಫಾರ್ಮ್. ಇಲಿಗಳಿಗೆ ಕೊಟ್ಟು ನೋಡಿದಾಗ ಕ್ಯಾನ್ಸರ್ ಬಂದಿದೆ. ಮನುಷ್ಯರಿಗೆ... ಯಾರೂ ಖಚಿತವಾಗಿ ಹೇಳಿಲ್ಲ.

ನಮ್ಮ ಲ್ಯಾಬಲ್ಲಿ ಅಳೆಯೋ ಯಂತ್ರ ಇಲ್ಲ. ಎಂ.ಎಸ್ಸಿ.ಯಲ್ಲಿ ಜೊತೆಗಿದ್ದ ಜಗನ್ನಾಥ ಈಗ ಜ್ಞಾನಭಾರತಿ ಯೂನಿವರ್ಸಿಟಿ ಲ್ಯಾಬಲ್ಲಿ. ಕಾಲುವೆಯದೊಂದು, ಬಾವಿಯದೊಂದು, ಗಾಳಿಗುಳ್ಳೆ ಇರದ ಹಾಗೆ ಬಾಟಲಿ ತುಂಬಿ, ಥರ್ಮಾಸಲ್ಲಿ ಐಸ್ ಹಾಕಿ ಅವರಿಗೆ ಕೊಟ್ಟು ಬಂದೆ. ಹದಿನೆಂಟು ವರ್ಷದ ಮೇಲೆ ಭೇಟಿ. ಮಕ್ಕಳ ಫೋಟೋ ತೋರಿಸಿದರು. ಚೆನ್ನಾಗಿದಾರೆ ಅಂದೆ. ಆಮೇಲೆ ಇಬ್ಬರೂ ಥರ್ಮಾಸ್ ನೋಡ್ತಾ ನಿಂತ್ವಿ.

21 ಮಾರ್ಚ್, ಶುಕ್ರವಾರ

ಜಗನ್ನಾಥ ಫೋನ್ ಮಾಡಿದ್ದರು. ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಕ್ಲೋರೋಫಾರ್ಮ್ — ಕಾಲುವೆಯಲ್ಲಿ ನೂರಾ ನಲವತ್ತು. ಬಾವಿಯಲ್ಲಿ ತೊಂಬತ್ತೆರಡು.

"ಅಮೆರಿಕದಲ್ಲಿ ಕುಡಿಯೋ ನೀರಿಗೆ ನೂರು ಲಿಮಿಟ್ ಅಲಮೇಲು ಅವರೇ. ಒಳಗೇ ಇದೆಯಲ್ಲ."

"ಎಂಟು ಕಮ್ಮಿ. ಅಷ್ಟಕ್ಕೆ ಸಮಾಧಾನ ಪಟ್ಕೋಬೇಕಾ?"

ಮುಂದೆಯೂ ಬಾಟಲಿ ಕಳಿಸಿ, ಅಳೆದು ಕೊಡ್ತೀನಿ ಅಂದರು.

24 ಮಾರ್ಚ್, ಸೋಮವಾರ

ಮೂರು ಪುಟ ಟೈಪ್ ಮಾಡಿ ಇಂಜಿನಿಯರ್ ಉಗ್ರಪ್ಪನವರಿಗೆ ಕೊಟ್ಟೆ. ಓದಿದರು. ಕನ್ನಡಕ ತೆಗೆದರು.

"ಕ್ಲೋರಿನ್ ಕಮ್ಮಿ ಮಾಡಿ, ನಾಳೆ ಕಾಲರಾ ಬಂದ್ರೆ? ಯಾರ್ರೀ ಜವಾಬ್ದಾರಿ?"

ಕೆಟ್ಟ ಪ್ರಶ್ನೆ ಅಲ್ಲ. ಪುಸ್ತಕದಲ್ಲಿ ಬರ್ಕೊಂಡೆ. ರಿಪೋರ್ಟ್ ಮೇಲಕ್ಕೆ ಕಳಿಸ್ತೀನಿ ಅಂದರು.

ಮುನಿತಾಯಮ್ಮನಿಗೆ ಇನ್ನೂ ಹೇಳಿಲ್ಲ. ನಿರ್ಧಾರ ಆಗಲಿ, ಆಮೇಲೆ ಹೇಳೋಣ ಅಂತ. ಇಲ್ಲ — ನಿಜ ಬರೀಬೇಕು. ವಾರಕ್ಕೆರಡು ಸಲ ಸೊಪ್ಪು ತಂದುಕೊಟ್ಟು, ಕಾಲು ನೀಡಿ ಕೂತು ಸೊಸೆ ಮೇಲೆ ಚಾಡಿ ಹೇಳಿ ಹೋಗ್ತಾರೆ. ಹೇಳಿದರೆ ಬರೋದು ನಿಲ್ಲಿಸ್ತಾರೆ ಅನ್ನಿಸ್ತು.

4 ಏಪ್ರಿಲ್, ಶುಕ್ರವಾರ

ಮೇಲಿಂದ ಉತ್ತರ ಬಂತು. ಕ್ಲೋರಿನ್ ಹಾಗೇ ಇರಲಿ. ತೋಟಗಳಿಗೆ ನೀರು ಬಿಡೋ ತೂಬು ಮುಚ್ಚಿ!

ನನ್ನ ರಿಪೋರ್ಟನ್ನೇ ಉಲ್ಲೇಖಿಸಿ. ನನ್ನ ಹೆಸರು ಹಾಕಿ.

ಮಧ್ಯಾಹ್ನ ಕೆಂಪಯ್ಯ ತೂಬು ಇಳಿಸಿದ. ಕ್ಲೋರಿನ್ ಶೆಡ್ ನೋಡ್ಕೊಳ್ಳೋದೂ ಅವನೇ. "ಬೇಸಿಗೆ ಮೇಡಮ್. ನಾಲ್ಕು ದಿನಕ್ಕೆ ಸೊಪ್ಪೆಲ್ಲಾ ಬೆಂದೋಗ್ತದೆ" ಅಂದ. ನನ್ನ ಮುಖ ನೋಡಲಿಲ್ಲ.

7 ಏಪ್ರಿಲ್, ಸೋಮವಾರ

ಮುನಿತಾಯಮ್ಮ ಬಂದರು. ಕೈ ಖಾಲಿ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. ತೂಬು ಮುಚ್ಚಿದ್ದು ಯಾಕೆ ಅಂತ ಕೆಂಪಯ್ಯ ಹೇಳಿದ್ದನಂತೆ.

"ನೀರಲ್ಲಿ ಕೆಟ್ಟದ್ದು ಐತೆ ಅಂತ ನಿಂಗೆ ಯಾವತ್ತು ಗೊತ್ತಾಯ್ತು?"

"...ಎರಡು ವಾರ ಆಯ್ತು."

"ಎಲ್ಡು ವಾರ ನಮ್ಮ ಮನೆ ಮಕ್ಳು ಅದೇ ನೀರು ಕುಡುದ್ರು. ನೀನು ನನ್ನ ಸೊಪ್ಪು ಇಸ್ಕೊಂಡೆ. ಆಫೀಸ್ನೋರ್ಗೆ ಹೇಳ್ದೆ. ನಂಗೆ ಹೇಳ್ಲಿಲ್ಲ."

ಹೋದರು.

10 ಏಪ್ರಿಲ್, ಗುರುವಾರ

ಯುಗಾದಿ. ರಜ. ಅಡುಗೆ ಮಾಡಲಿಲ್ಲ.

19 ಏಪ್ರಿಲ್, ಶನಿವಾರ

ಉಗ್ರಪ್ಪನವರ ಪ್ರಶ್ನೆಗೆ ಉತ್ತರ ಹುಡುಕ್ತಿದೀನಿ. ಎಂಟು ಜಾಡಿ, ಎಂಟು ಅಳತೆ ಕ್ಲೋರಿನ್. ಎಷ್ಟು ಕ್ರಿಮಿ ಉಳೀತು ಅಂತ ಎಣಿಸೋದು. ಈಗ ಕ್ಲೋರಿನ್ ಬೆರೆತ ನೀರು ಐದೇ ನಿಮಿಷಕ್ಕೆ ಹೊರಗೆ ಹೋಗುತ್ತೆ. ಅರ್ಧ ಗಂಟೆ ನಿಲ್ಲಿಸಿದರೆ ಆರು ಮಿಲಿಗ್ರಾಂ ಸಾಕು. ಈಗ ಇಪ್ಪತ್ತಕ್ಕೆ ಸಾಯೋಷ್ಟೇ ಕ್ರಿಮಿ ಸಾಯುತ್ತೆ. ಮೂರು ಸಲ ಮಾಡಿ ನೋಡಿದೆ.

"ನಿಲ್ಲಿಸೋಕೆ ಜಾಗ ಎಲ್ಲಿದೆ ಕೆಂಪಯ್ಯ?"

"ಹಿಂದ್ಗಡೆ ಹಳೇ ತೊಟ್ಟಿ ಖಾಲಿ ಬಿದ್ದೈತಲ್ಲ ಮೇಡಮ್. ಹೂಳು ತೆಗುದ್ರೆ ಆಯ್ತು."

ಉಗ್ರಪ್ಪನವರ ಮುಂದೆ ಜಾಡಿಗಳನ್ನೇ ತಗೊಂಡು ಹೋಗಿಟ್ಟೆ. ಅಂಕಿ ಎರಡೆರಡು ಸಲ ಓದಿದರು. "ಒಂದು ತಿಂಗಳು ಟ್ರಯಲ್. ಒಂದು ಕೇಸ್ ಬಂದ್ರೂ ಹಳೇ ಡೋಸೇ" ಅಂದರು. ಸಹಿ ಹಾಕಿದರು. ನನಗೂ ಭಯ.

12 ಮೇ, ಸೋಮವಾರ

ಹೊಸ ಡೋಸ್ ಶುರುವಾಗಿ ಇಪ್ಪತ್ತು ದಿನ. ಒಂದು ಕೇಸೂ ಇಲ್ಲ. ಕ್ಲೋರೋಫಾರ್ಮ್ ಕಾಲುವೆಯಲ್ಲಿ ಮೂವತ್ತೊಂದು, ಬಾವಿಯಲ್ಲಿ ಐವತ್ತೈದು. ಬಾವಿಯದು ನಿಧಾನಕ್ಕೆ ಇಳೀತಿದೆ. ಸೊಪ್ಪಿಗೆ ಮಾತ್ರ ಅಂತ ಉಗ್ರಪ್ಪನವರು ತೂಬು ಎತ್ತಿಸಿದರು. ತೋಟದ ಹತ್ತಿರ ಕುಡಿಯೋಕೆ ನಲ್ಲಿ ಕೇಳಿ ಅರ್ಜಿ ಬರೆದುಕೊಟ್ಟಿದೀನಿ.

ತೂಬು ಎತ್ತಿದ್ದನ್ನ ಕೆಂಪಯ್ಯ ನಗ್ತಾ ಬಂದು ಹೇಳಿದ. ಯಾರಿಗಾದರೂ ಹೇಳ್ಬೇಕು ಅನ್ನಿಸ್ತು. ಮನೆಗೆ ಬಂದು ಅಂಬುಜಾಗೆ ಕಾಗದ ಶುರು ಮಾಡಿದೆ. ಎಲ್ಲಿಂದ ಹೇಳೋದು? ಹರಿದೆ.

18 ಮೇ, ಭಾನುವಾರ, ಸಂಜೆ ನಾಲ್ಕು

ತೋಟಕ್ಕೆ ಹೋಗಿ ಬಂದೆ. ಅರ್ಧ ತೋಟ ಬೂದಿ ಬಣ್ಣ. ಉಳಿದರ್ಧದಲ್ಲಿ ಹೊಸ ಮೊಳಕೆ. ಮುನಿತಾಯಮ್ಮ ಕಳೆ ಕೀಳ್ತಾ ಇದ್ದರು. ತಲೆ ಎತ್ತಲಿಲ್ಲ.

"ಈಗ ನೀರು ಸರಿಯಾಯ್ತಾ?"

"ಕಮ್ಮಿ ಆಗಿದೆ. ಪೂರ್ತಿ ಹೋಗಿಲ್ಲ. ಆ ಬಾವಿ ಕುಡಿಯೋಕೆ ಬೇಡ."

"ಇಷ್ಟ್ ದಿನ ಕುಡುದ್ವಲ್ಲ. ಏನಾರ ಆಯ್ತದಾ?"

"ಗೊತ್ತಿಲ್ಲ."

"ನಿಂಗೂ ಗೊತ್ತಿಲ್ವಾ?"

"ಯಾರಿಗೂ ಸರಿಯಾಗಿ ಗೊತ್ತಿಲ್ಲ. ಏನೂ ಆಗದೇ ಇರಬಹುದು. ಆಗಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ."

ಆಗ ನನ್ನ ಮುಖ ನೋಡಿದರು. ಕೈ ಮಣ್ಣು ಕೊಡವಿಕೊಂಡು ಎದ್ದರು.

"ಬಿಸ್ಲಲ್ಲಿ ಬಂದಿದ್ದೀಯ. ಊಟ ಆಯ್ತಾ?"

ಆಯ್ತು ಅಂದೆ. ಆಗಿರಲಿಲ್ಲ. ಅಷ್ಟು ಹೊತ್ತೂ ನಿಜ ಹೇಳಿ, ಇದೊಂದಕ್ಕೆ ಯಾಕೆ ಸುಳ್ಳು ಹೇಳಿದೆ? ಇನ್ನೂ ಬಸ್ ಇದೆ, ವಾಪಸ್ ಹೋಗಿ ಊಟ ಆಗಿಲ್ಲ ಅಂತ ಹೇಳ್ತೀನಿ.