ಗೇಟಿನ ಬಳಿಯ ಮರದ ತುದಿ

ಹೊಸ ಮನೆ, ಮಹಡಿಯ ಕೋಣೆ
ಜೂನ್ ೧೪, ಭಾನುವಾರ

ಪ್ರೀತಿಯ ಅಪ್ಪಾ,

ಬೇರು ಬಿಟ್ಟಿದೆ ಅಪ್ಪಾ, ನಮ್ಮ ನರ್ಸರಿಯಿಂದ ನಾನು ತಂದು ನೆಟ್ಟ ಸ್ಪ್ರೂಸ್ ಮರದ ಕಡ್ಡಿ ಬೇರು ಬಿಟ್ಟಿದೆ. ಬೆಳಿಗ್ಗೆ ಕುಂಡದ ತಳದ ತೂತಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಇಣುಕುತ್ತಿದ್ದುದನ್ನು ನೋಡಿ, ಹಲ್ಲುಜ್ಜುತ್ತಿದ್ದ ನಿಮ್ಮ ಅಳಿಯನನ್ನು ಹಾಗೇ ಎಳೆದುಕೊಂಡು ಬಂದೆ. ಅಯ್ಯೋ, ಮೊದಲು ನಿಮ್ಮ ಆರೋಗ್ಯ ಕೇಳಬೇಕಿತ್ತು. ಮಂಡಿನೋವು ಹೇಗಿದೆ? ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರಾ, ಅಥವಾ ಅದು ಇನ್ನೂ ನರ್ಸರಿಯ ಮೊಳೆಯಲ್ಲೇ ನೇತಾಡುತ್ತಿದೆಯಾ?

ನಾನು ಸುಖವಾಗಿದ್ದೇನೆ, ಎಷ್ಟೆಂದರೆ ಹೇಳಿಕೊಳ್ಳಲು ನಾಚಿಕೆ. ಇವರು ಪ್ರಯೋಗಾಲಯದಿಂದ ಬಂದು ಊಟಕ್ಕೆ ಕೂತರೂ ಮೊಗ್ಗಿನ ಮಾತೇ. ಮರದ ತುದಿಮೊಗ್ಗಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಗಿಳಿಯುತ್ತದಂತೆ. ಅದು ಇಳಿಯುತ್ತಿರುವಷ್ಟು ದಿನ ಪಕ್ಕದ ಮೊಗ್ಗುಗಳು ತೆಪ್ಪಗಿರುತ್ತವಂತೆ. ತುದಿ ಹೋದರೆ ಆಕ್ಸಿನ್ ಬತ್ತುತ್ತದೆ, ಪಕ್ಕದ ಮೊಗ್ಗುಗಳಲ್ಲಿ ಸೈಟೊಕೈನಿನ್ ಎಂಬ ಇನ್ನೊಂದು ಏರುತ್ತದೆ, ಆಮೇಲೆ ಎಲ್ಲವೂ ನಾನೇ ತುದಿ ಎಂದು ಪೈಪೋಟಿಗೆ ಬೀಳುತ್ತವೆ. ಇದನ್ನು ಕೇಳುತ್ತಾ ತುತ್ತು ನನ್ನ ಕೈಯಲ್ಲೇ ಉಳಿಯಿತು.

ಗೇಟಿನ ಬಳಿಯ ಮರದ ತುದಿ ಕತ್ತರಿಸಿದ್ದು ಪುಟ್ಟಿ ಅಲ್ಲ ಅಪ್ಪಾ. ನಾನು. ನೀವು ಗಿರಾಕಿಗಳಿಗೆಲ್ಲ "ನೋಡಿ, ಬಾಣ ನಿಲ್ಲಿಸಿದ ಹಾಗಿದೆ" ಎಂದು ತೋರಿಸುತ್ತಿದ್ದ ಮರ. ಮದುವೆಗೆ ಮುಂಚೆ ಇವರು ಮಾತಿನ ಮಧ್ಯೆ, ಪಕ್ಕದ ಕೊಂಬೆಯಿಂದ ತೆಗೆದ ಕಡ್ಡಿ ನೆಟ್ಟರೆ ಅದು ವರ್ಷಗಟ್ಟಲೆ ಕೊಂಬೆಯ ಹಾಗೆ ಅಡ್ಡಡ್ಡವೇ ಬೆಳೆಯುತ್ತದೆ, ತುದಿಯದ್ದೇ ನೆಟ್ಟಗೆ ಏಳುವುದು ಎಂದಿದ್ದರು. ನನಗೆ ಹೊಸ ಮನೆಗೆ ನಿಮ್ಮ ಮರ ಬೇಕಿತ್ತು, ಅದೂ ನೆಟ್ಟಗಿರುವುದೇ ಬೇಕಿತ್ತು. ಹೊರಡುವ ದಿನ ಪುಟ್ಟಿಯಿಂದ ಏಣಿ ಹಿಡಿಸಿಕೊಂಡು ಹತ್ತಿ, ಅವಳ ಕತ್ತರಿಯಲ್ಲೇ ಕತ್ತರಿಸಿದೆ. ಕೆಳಗಿನಿಂದ ಅವಳು "ಅಕ್ಕಾ, ಅಪ್ಪ ಚರ್ಮ ಸುಲೀತಾರೆ" ಎನ್ನುತ್ತಲೇ ಇದ್ದಳು. ಯಾರ ಚರ್ಮ ಎಂದು ನಾನು ಯೋಚಿಸಲಿಲ್ಲ.

ನೀವು ಅವಳ ಕತ್ತರಿ ಕಸಿದುಕೊಂಡು ಬಿಲ್ ಬರೆಯಲು ಕೂರಿಸಿದ್ದೀರಿ ಎಂದು ಅಮ್ಮ ಫೋನಿನಲ್ಲಿ ಹೇಳಿದರು. ಗಿಡದ ಕೆಲಸ ಬಿಟ್ಟು ಬೇರೇನೂ ಬೇಡ ಎನ್ನುವ ಹುಡುಗಿ. ಯಾಕೆ ಸುಮ್ಮನಿದ್ದೀಯೆ ಎಂದು ನಾನು ಅವಳನ್ನು ಕೇಳಿದರೆ, "ಬಿಡಕ್ಕಾ, ಬೈಗುಳ ನಂಗೆ ಹೊಸದಾ? ನಿನ್ ಖುಷಿ ಯಾಕೆ ಹಾಳಾಗ್ಬೇಕು" ಎಂದಳು. ಅಷ್ಟಾದ ಮೇಲೂ ನಾನು ಕುಂಡಕ್ಕೆ ನೀರು ಹಾಕುತ್ತಾ ಹಾಡು ಗುನುಗಿದ್ದೇನೆ. ಇವರಿಗೂ ನಿನ್ನೆಯಷ್ಟೇ ಹೇಳಿದೆ. "ಅಂದ್ರೆ ನಮ್ಮ ಕುಂಡದಲ್ಲಿರೋದು ಆ ಮರದ ತಲೆಯಾ?" ಎಂದವರು ಮತ್ತೆ ಮೊಗ್ಗಿನ ಮಾತೆತ್ತಲಿಲ್ಲ.

ನನ್ನನ್ನು ಬೈಯಿರಿ, ಆದರೆ ಪುಟ್ಟಿಯ ಎದುರಿಗೇ ಬೈಯಿರಿ. ಅಮ್ಮನಿಗೆ ನನ್ನ ನೆನಪು ಹೇಳಿ. ಮಂಡಿಗೆ ಪಟ್ಟಿ ಕಟ್ಟಿಕೊಳ್ಳಿ.

ನಿಮ್ಮ ತಲೆಹರಟೆ,
ದೊಡ್ಡ ಮಗಳು

ಮರೆತಿದ್ದೆ: ಗೇಟಿನ ಮರದಲ್ಲಿ ತುದಿಯ ಜಾಗಕ್ಕೆ ಎರಡು ಕೊಂಬೆ ಒಟ್ಟಿಗೆ ಏಳುತ್ತಿವೆಯಂತೆ, ಒಂದನ್ನು ನೀವು ತೆಗೆಯುತ್ತೀರಂತೆ. ಈಗಲೇ ತೆಗೆಯಬೇಡಿ. ಯಾವುದು ಉಳಿಯಬೇಕೆಂದು ಪುಟ್ಟಿ ಹೇಳಲಿ, ಕತ್ತರಿ ಅವಳ ಕೈಗೇ ಕೊಡಿ. ಏಣಿ ನಾನು ಹಿಡಿಯುತ್ತೇನೆ. ಮುಂದಿನ ಶುಕ್ರವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.