ಮುಚ್ಚಿದ ಗಟಾರ

ಶಹಾಪುರ. ಫೆಬ್ರುವರಿ ೧೨, ಬುಧವಾರ

ಮೊಣಕೈ ಇನ್ನೂ ತಣ್ಣಗಿದೆ.

ಕಣ್ಣು ಕಾಣದ ಖಾಜಾಬೀ ಹೋದ ವರ್ಷ ಬಿದ್ದು ಸತ್ತ ಗಟಾರಕ್ಕೆ ಅಂಧರ ದಾರಿಗಳನ್ನು ಸರಿಪಡಿಸುವ ನಮ್ಮ ಸಮಿತಿ ಓಡಾಡಿ ಅಂತೂ ಚಪ್ಪಡಿ ಹಾಕಿಸಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದು ನೋಡದೆ ನಾವು ಯಾವ ದಾರಿಯನ್ನೂ ಒಪ್ಪುವುದಿಲ್ಲ. ಇಂದು ನನ್ನ ಸರದಿ. ಕೋಲೂರುತ್ತ ಹೊರಟೆ. ನಡುದಾರಿಯಲ್ಲಿ ಯಾರೋ ಮೊಣಕೈ ಹಿಡಿದರು.

"ಹುಷಾರ್ ಬೇಟಿ, ಮುಂದ ಗಟಾರ ಐತಿ. ದೊಡ್ಡ ಹೆಜ್ಜಿ ಇಡು."

ಇಟ್ಟೆ.

ಕಣ್ಣಿನ ಬಟ್ಟೆ ಬಿಚ್ಚಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಸಮಿತಿಯ ಮಾನಪ್ಪ ನಗುತ್ತಿದ್ದ. "ಯಾಕ್ರಿ ಅಕ್ಕಾರ, ಸಪಾಟ್ ನೆಲದಾಗ ಹಂಗ್ಯಾಕ ಜಿಗದ್ರಿ?"

ದಾರಿ ಪಾಸಾಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ಗಟಾರ ಮುಚ್ಚಿದ ಸುದ್ದಿ ಖಾಜಾಬೀಗೆ ಇನ್ನೂ ಮುಟ್ಟಿಲ್ಲ. ನಾಳೆ ಒಬ್ಬಳೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋಗಬೇಕು. ಅವಳು ಕೈ ಹಿಡಿದಾಗ ನಿಂತು, ಮೆಲ್ಲಗೆ ಹೇಳಬೇಕು.