ಗೇಟಿಗೆ ಗುದ್ದಿದ ಕಾರು

ಟೀಚರಮ್ಮನವರಿಗೆ ನಮಸ್ಕಾರ.

ದೂರು ಹೇಳಲು ಬರೆಯುತ್ತಿಲ್ಲ. ಹದಿನೈದು ದಿನದ ಹಿಂದೆ ನಿಮ್ಮಿಂದ ಕೊಂಡ ಕಾರು ಮೊನ್ನೆ ಇಳಿಜಾರಿನಲ್ಲಿ ನಿಲ್ಲಲಿಲ್ಲ. ಬ್ರೇಕ್ ಒತ್ತಿದರೆ ಪೆಡಲ್ ತಳದವರೆಗೂ ಇಳಿದುಹೋಯಿತು. ಹ್ಯಾಂಡ್ ಬ್ರೇಕ್ ಎಳೆದು ಬಚಾವಾದೆ. ನೋಡಿದರೆ ಬ್ರೇಕ್ ಆಯಿಲ್ ಡಬ್ಬಿ ಖಾಲಿ. ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿದಾಗ ಒಳಗೆಲ್ಲ ಒದ್ದೆಯಾಗಿತ್ತು. "ಇದು ಇವತ್ತಿಂದಲ್ಲ ಮೇಡಂ, ತಿಂಗಳುಗಟ್ಟಲೆಯಿಂದ ಸೋರ್ತಾ ಇದೆ" ಎಂದರು.

ಕಾರು ಕೊಡುವಾಗ ನಿಮ್ಮ ಮಗ, "ಅಮ್ಮನ ಕಾಲಲ್ಲಿ ಕಸುವಿಲ್ಲ, ಬ್ರೇಕ್ ಒತ್ತೋಕಾಗ್ದೆ ಗೇಟಿಗೆ ಗುದ್ದಿದ್ರು, ಅದಕ್ಕೇ ಮಾರ್ತಿದೀವಿ" ಎಂದು ನಕ್ಕಿದ್ದರು. ನೀವು ಬೀಗದ ಕೈ ಕೊಟ್ಟಿರಿ. ನನ್ನ ಕಾಲು ಗಟ್ಟಿಯಾಗಿಯೇ ಇದೆ, ನನಗೂ ನಿಲ್ಲಲಿಲ್ಲ. ದಯವಿಟ್ಟು ಈ ಕಾಗದವನ್ನು ನಿಮ್ಮ ಮಗನಿಗೆ ಓದಿ ಹೇಳಿ.

ರಿಪೇರಿ ಮುಗಿದಿದೆ. ಭಾನುವಾರ ಬೆಳಿಗ್ಗೆ ಕಾರು ತರುತ್ತೇನೆ, ಒಂದು ಸುತ್ತು ಹೋಗಿಬರೋಣ. ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ.

ಇಂತಿ,
ನಿಮ್ಮ ಕಾರು ಕೊಂಡವಳು